ಹದಿಮೂರು ಸಾವಿರ ವ್ಯಾಟಿನ ಸಂಡಿಗೆ

ಮನೆಗೆ ಬಂದವರು ಮೊದಲು ಚಪ್ಪಲಿ ಬಿಡುತ್ತಾರೆ, ನೀರು ಕುಡಿಯುತ್ತಾರೆ, ಕ್ಷೇಮ ವಿಚಾರಿಸುತ್ತಾರೆ. ವಿರೂಪಾಕ್ಷಪ್ಪ ಸರ್ ಮೊದಲು ಅಡುಗೆಮನೆಗೆ ನುಗ್ಗಿ ಮಿಕ್ಸರನ್ನು ತಲೆಕೆಳಗು ಮಾಡುತ್ತಿದ್ದರು. ಅದರ ತಳದ ಚೀಟಿಯಲ್ಲಿ ಎಷ್ಟು ವೋಲ್ಟು, ಎಷ್ಟು ವ್ಯಾಟು ಎಂದು ಓದಿದ ಮೇಲೆಯೇ ಅವರಿಗೆ ಆ ಮನೆಯವರ ಪರಿಚಯವಾದಂತೆ. ಒಮ್ಮೆ ನಮ್ಮಲ್ಲಿ ಜಾರಿನೊಳಗೆ ಕೊಬ್ಬರಿ ಚಟ್ನಿ ಇದೆ ಎಂದು ನಾನು ಕೂಗುವಷ್ಟರಲ್ಲಿ ಚಟ್ನಿ ಅವರ ಅಂಗಿಯ ಮೇಲಿತ್ತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ. "ಏಳುನೂರಾ ಐವತ್ತು ವ್ಯಾಟು. ಅಂದ್ರ ಮೂರು ಚಿಲ್ಲರ ಆಂಪಿಯರ್. ಈ ಸ್ವಿಚ್ಚು ತಡೀತೈತಿ ತಂಗೀ, ಧೈರ್ಯದ್ಲೆ ರುಬ್ಬು," ಎಂದು ಅಪ್ಪಣೆ ಕೊಟ್ಟು ಹೊರಗೆ ಬಂದು ಕುಳಿತರು. ರುಬ್ಬಲು ಏನೂ ಉಳಿದಿರಲಿಲ್ಲ.

ಅವರು ನಗರದ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಮೂಲ ರಾಯಚೂರು ಕಡೆಯವರು. ಸನತ್‌ನಗರದ ಕಾರ್ಖಾನೆಗಳ ಸಾಲಿನ ಹಿಂದೆ ನಮ್ಮದು ಮೂರಂತಸ್ತಿನ ಹಳೆಯ ಕಟ್ಟಡ. ಎರಡನೆಯ ಮಹಡಿಯಲ್ಲಿ ನಾವು, ನಮ್ಮ ಎದುರು ಬಾಗಿಲು ಅವರದು. ಕಟ್ಟಡದಲ್ಲಿ ಹೆಚ್ಚಿನವರು ತೆಲುಗರು, ಉಳಿದವರು ನಮ್ಮ ಹಾಗೆ ಬೀದರ, ರಾಯಚೂರು ಕಡೆಯಿಂದ ಬಂದು ಬೇರುಬಿಟ್ಟವರು. ಮೆಟ್ಟಿಲ ಮೇಲೆ ಹಿಂದಿ, ನೀರಿನ ಟ್ಯಾಂಕರ್ ಬಂದಾಗ ತೆಲುಗು, ಬಾಗಿಲು ಹಾಕಿಕೊಂಡ ಮೇಲೆ ಕನ್ನಡ, ಹೀಗೆ ನಮ್ಮ ಸಂಸಾರ. ಸರ್ ಮೂರು ಭಾಷೆಗಳಲ್ಲೂ ಒಂದೇ ವಿಷಯ ಮಾತಾಡುತ್ತಿದ್ದರು.

ಆ ವಿಷಯ ಇಷ್ಟೇ: "ವೋಲ್ಟು ಎಷ್ಟು, ಆಂಪಿಯರ್ ಎಷ್ಟು, ಎರಡು ಹೇಳ್ರಿ ಸಾಕು. ಭಾಗಿಸಿದ್ರ ಓಮ್ ಬಂತು, ಗುಣಿಸಿದ್ರ ವ್ಯಾಟ್ ಬಂತು. ಉಳಿದದ್ದೆಲ್ಲಾ ಬರೇ ಗಾಳಿ ಮಾತು." ಹೆಂಡತಿಯ ಹಳೆಯ ರವಿಕೆ ಬಟ್ಟೆಯಲ್ಲಿ ಹೊಲಿಸಿದ ಒಂದು ಚೀಲದಲ್ಲಿ ಮಲ್ಟಿಮೀಟರ್ ಹಾಕಿಕೊಂಡು ಹೆಗಲಿಗೆ ತೂಗಿಕೊಂಡು ತಿರುಗುತ್ತಿದ್ದರು. ಅದರ ಕೆಂಪು ತಂತಿ, ಕಪ್ಪು ತಂತಿ ಸದಾ ಹೊರಗೆ ನೇತಾಡುತ್ತಿದ್ದವು. ಹೊಸದಾಗಿ ಬಂದ ಬಾಡಿಗೆಯವರು ಅವರನ್ನು ಬಿ.ಪಿ. ನೋಡುವ ಡಾಕ್ಟರೆಂದು ತಿಳಿದು ತೋಳು ಮಡಚಿ ಮುಂದೆ ಕೂತದ್ದೂ ಉಂಟು. ಸರ್ ಅವರನ್ನೂ ನಿರಾಶೆಗೊಳಿಸಲಿಲ್ಲ, ಎರಡು ಅಂಗೈಗೆ ತಂತಿ ಹಿಡಿದು ಇಷ್ಟು ಲಕ್ಷ ಓಮ್ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಅವರ ಹೆಂಡತಿ ಪಾರ್ವತಮ್ಮನವರ ಪಾಡು ಕೇಳುವುದೇ ಬೇಡ. ಚಹಾ ಇಡಲು ಕರೆಂಟಿನ ಒಲೆ ಹಚ್ಚಿದರೆ ಸರ್ ಹಿಂದೆ ಬಂದು ನಿಲ್ಲುವರು. "ಇವತ್ತು ವೋಲ್ಟೇಜ್ ಇನ್ನೂರು ಐತಿ. ವೋಲ್ಟು ಇಳಿದ್ರ ಆಂಪಿಯರೂ ಇಳೀತೈತಿ, ಎರಡೂ ಇಳಿದ್ರ ವ್ಯಾಟು ಎರಡರಷ್ಟು ಸೊರಗತೈತಿ. ಚಾ ತಡ ಆಗತೈತಿ, ಅವಸರ ಮಾಡಬ್ಯಾಡ." ಅವಸರ ಮಾಡುತ್ತಿದ್ದವರು ಅವರೇ. ಪಾರ್ವತಮ್ಮ ನನ್ನ ಹತ್ತಿರ ಬಂದು, "ನಮ್ಮ ಮನ್ಯಾಗ ಫ್ಯಾನ್ ಹಚ್ಚಬೇಕಂದ್ರೂ ಪರೀಕ್ಷಾ ಪಾಸಾಗಬೇಕವ್ವಾ," ಎಂದು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.

ಸರ್ ಹೋದಲ್ಲಿ ಊಟ ರುಚಿಸುತ್ತಿರಲಿಲ್ಲ ಎಂಬುದಕ್ಕೆ ಮಿಯಾಪುರದ ಗೃಹಪ್ರವೇಶವೇ ಸಾಕ್ಷಿ. ಅವರ ತಂಗಿಯ ಮಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸಾಲ ಸೋಲ ಮಾಡಿ ಫ್ಲ್ಯಾಟ್ ಕೊಂಡಿದ್ದ. ನಾವೂ ಹೋಗಿದ್ದೆವು. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿದ್ದಾಗ ಸರ್ ಕಿಟಕಿಯಿಂದ ಎದುರಿನ ಮಹಡಿಗಳನ್ನು ಎಣಿಸುತ್ತಿದ್ದರು. ಮನೆಗೊಂದು ಗೀಜರ್, ಗೀಜರಿಗೆ ಇಷ್ಟು ಆಂಪಿಯರ್, ಬೆಳಿಗ್ಗೆ ಎಲ್ಲರೂ ಒಮ್ಮೆಗೇ ಸ್ನಾನಕ್ಕೆ ಹೊರಟರೆ ಒಟ್ಟು ಎಷ್ಟು ಎಂದು ಬಾಯಲ್ಲೇ ಗುಣಿಸಿ, "ತಮ್ಮಾ, ಇಷ್ಟು ಕರೆಂಟು ಈ ಕಟ್ಟಡಕ್ಕ ಬರಾಕ ಸಾಧ್ಯನ ಇಲ್ಲ. ನೀ ಎಲ್ಲರಕಿಂತ ಮೊದಲು ಎದ್ದು ಜಳಕಾ ಮಾಡೂ ರೂಢಿ ಹಾಕ್ಕೋ," ಎಂದರು. ಹುಡುಗನ ಕೈಯಲ್ಲಿದ್ದ ಹೋಳಿಗೆ ಎಲೆಗೆ ವಾಪಸು ಬಂತು. ಅಲ್ಲಿ ಇವತ್ತಿನವರೆಗೂ ಎಲ್ಲರಿಗೂ ಬಿಸಿನೀರು ಬರುತ್ತಲೇ ಇದೆ. ಆದರೆ ಆ ಹುಡುಗ ಮಾತ್ರ ಈಗಲೂ ಕೋಳಿ ಕೂಗುವ ಹೊತ್ತಿಗೆ ಎದ್ದು ಸ್ನಾನ ಮಾಡುತ್ತಾನಂತೆ.

ಇಷ್ಟೆಲ್ಲ ಗೇಲಿ ಮಾಡುವ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬಟ್ಟೆ ಒಗೆಯುವ ಮಶೀನು ಮುಟ್ಟಿದರೆ ಜುಮ್ಮೆನ್ನುತ್ತಿದ್ದ ಕಾಲದಲ್ಲಿ, ಕರೆಯದೇ ಬಂದು ಅಂಗಾತ ಮಲಗಿ ಅದರ ಅಡಿಯಲ್ಲಿ ಅರ್ಥಿಂಗ್ ತಂತಿ ಕಡಿದಿದ್ದನ್ನು ಹುಡುಕಿದವರು ಅವರೇ. ಅವರು ಬಾರದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ಹಾಗೆಂದು ಗೇಲಿ ಮಾಡುವ ಹಕ್ಕನ್ನೇನೂ ನಾನು ಬಿಟ್ಟುಕೊಟ್ಟಿಲ್ಲ. ನೀಲಕ್ಕನ ವಿಷಯದಲ್ಲಿ ಅವರು ಮಾಡಿದ್ದು ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನೀಲಕ್ಕ ನಮ್ಮ ಕಟ್ಟಡದ ಕೆಳಮನೆಯವಳು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ ಮಾಡಿ ಮಾರಿ ಮನೆ ನಡೆಸುತ್ತಿದ್ದಳು. ಲಿಂಗಂಪಲ್ಲಿಯಿಂದೆಲ್ಲ ಜನ ಹುಡುಕಿಕೊಂಡು ಬರುತ್ತಿದ್ದರು, ಅಂಥ ಕೈ ಅವಳದು. ಆದರೆ ಜನರಿಗೆ ಸಂಡಿಗೆ ತಿನ್ನುವ ಆಸೆ ಹುಟ್ಟುವುದೇ ಮಳೆಗಾಲದಲ್ಲಿ, ಸಂಡಿಗೆ ಒಣಗದಿರುವುದೂ ಮಳೆಗಾಲದಲ್ಲಿ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಯಾರೋ ಬಿಸಾಡಿದ ಪುಸ್ತಕದ ಕಪಾಟಿಗೆ ಜಾಲರಿಯ ತಟ್ಟೆಗಳನ್ನು ಕೂಡಿಸಿ, ಒಳಗೆ ಹಳೆಯ ಕಾಲದ ನೂರು ವ್ಯಾಟಿನ ಹತ್ತು ಬಲ್ಬು ಹಾಕಿಸಿದಳು. ಈಗಿನ ಎಲ್‌ಇಡಿ ಬಲ್ಬು ಬೆಳಕು ಮಾತ್ರ ಕೊಡುತ್ತದೆ, ಹಳೆಯ ಬಲ್ಬಿಗೆ ಕಾವೂ ಇರುತ್ತಿತ್ತಲ್ಲ, ಆ ಕಾವಿಗೆ ಸಂಡಿಗೆ ಗರಿಗರಿಯಾಗಿ ಒಣಗುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಕೆಳಗಿನ ಮೀಟರ್ ಬೋರ್ಡಿನ ದೊಡ್ಡ ಫ್ಯೂಸು ಮೇಲಿಂದ ಮೇಲೆ ಸುಡತೊಡಗಿತು. ಇಡೀ ಕಟ್ಟಡ ಕತ್ತಲಾಗುತ್ತಿತ್ತು. ಕಟ್ಟಡದ ಸಂಘದ ಸೆಕ್ರೆಟರಿ ಸತ್ಯನಾರಾಯಣ ಗಾರು ಸರ್ ಕಾಲಿಗೆ ಬಿದ್ದಂತೆ ಮಾಡಿ, ಕಾರಣ ಪತ್ತೆ ಹಚ್ಚಿರೆಂದು ಕೇಳಿಕೊಂಡರು. ಸರ್ ರವಿಕೆ ಬಟ್ಟೆಯ ಚೀಲ ತೂಗಿಕೊಂಡು ಮನೆಮನೆ ಹೊಕ್ಕರು, ಮಿಕ್ಸರುಗಳು ತಲೆಕೆಳಗಾದವು. ಕೊನೆಗೆ ನೀಲಕ್ಕನ ಕಪಾಟಿನ ಮುಂದೆ ಬಂದು ನಿಂತರು. ಅದರ ತಳದಲ್ಲಿ ಚೀಟಿ ಇರಲಿಲ್ಲ.

"ಪ್ಲಗ್ ತೆಗಿ, ನೀಲವ್ವಾ," ಎಂದರು. ಅವಳು ತೆಗೆದುಕೊಟ್ಟಳು. ಕೆಂಪು ತಂತಿ ಪ್ಲಗ್ಗಿನ ಒಂದು ಕಡ್ಡಿಗೆ, ಕಪ್ಪು ತಂತಿ ಇನ್ನೊಂದು ಕಡ್ಡಿಗೆ ಹಿಡಿದು ಮೀಟರ್ ನೋಡಿದರು. ಅವರ ಹುಬ್ಬು ಮೇಲೇರಿತು. "ನಾಕು ಓಮ್!"

ನಮಗೆ ನಾಲ್ಕು ಓಮ್ ಎಂದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಸರ್ ಕಾರು ನಿಲ್ಲಿಸುವ ಜಾಗದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದರು. ಇನ್ನೂರ ಮೂವತ್ತು ವೋಲ್ಟನ್ನು ನಾಲ್ಕು ಓಮಿನಿಂದ ಭಾಗಿಸಿದರೆ ಐವತ್ತೇಳೂವರೆ ಆಂಪಿಯರ್. ಅದನ್ನು ಮತ್ತೆ ಇನ್ನೂರ ಮೂವತ್ತರಿಂದ ಗುಣಿಸಿದರೆ ಹದಿಮೂರು ಸಾವಿರ ವ್ಯಾಟಿಗೂ ಮೇಲೆ. ಆ ಅಂಕಿಯ ಸುತ್ತ ಒಂದು ವೃತ್ತ ಎಳೆದು ಕೈ ಝಾಡಿಸಿಕೊಂಡರು.

"ಬಾಬೋಯ್, ಪದಮೂಡು ವೇಲು!" ಎಂದು ಸತ್ಯನಾರಾಯಣ ಗಾರು ಎದೆಯ ಮೇಲೆ ಕೈಯಿಟ್ಟುಕೊಂಡರು. ಹದಿಮೂರು ಸಾವಿರ ಎಂಬ ಮಾತು ಮಹಡಿಯಿಂದ ಮಹಡಿಗೆ ಹತ್ತಿತು. ಅರ್ಥವಾಗದ ಲೆಕ್ಕಕ್ಕೆ ನಮ್ಮ ಜನ ಕೊಡುವ ಮರ್ಯಾದೆ ಅರ್ಥವಾದ ಲೆಕ್ಕಕ್ಕೆ ಎಂದೂ ಕೊಟ್ಟವರಲ್ಲ. ಗೋಡೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು.

"ಸರ, ನಂದು ಬರೇ ಬಲ್ಬ್ ರೀ," ಎಂದಳು ನೀಲಕ್ಕ. "ಬಲ್ಬ್ ಅಷ್ಟು ಕರೆಂಟ್ ಎಳೀತಾವೇನ್ರಿ?"

"ನಾ ಹೇಳಾಕತ್ತಿಲ್ಲ ನೀಲವ್ವಾ. ಲೆಕ್ಕಾ ಹೇಳಾಕತ್ತೈತಿ."

ಅಂದೇ ಸಂಘದವರು ಕಪಾಟು ಹಚ್ಚಕೂಡದೆಂದು ಠರಾವು ಮಾಡಿದರು. ಗಣೇಶ ಚೌತಿಗೆ, ಎರಡು ಮದುವೆಗೆ ಒಪ್ಪಿಕೊಂಡಿದ್ದ ಸಂಡಿಗೆ ಹಿಟ್ಟು ಹುಳಿಬಂದು ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅವಳಿಗೆ ಒಂದು ಹೆಸರು ಬಂತು. ಮೆಟ್ಟಿಲ ಮೇಲೆ ಮಕ್ಕಳು 'ಫ್ಯೂಸ್ ಆಂಟಿ' ಎಂದು ಕೂಗಿ ಓಡುತ್ತಿದ್ದರು. ಹೊರಗಿನಿಂದ ಕೊಳ್ಳಲು ಬಂದವರಿಗೆ, ಬಿಟ್ಟಿ ಕರೆಂಟಿನಲ್ಲಿ ಸಂಡಿಗೆ ಒಣಗಿಸುವವಳು ಎಂದು ಯಾರೋ ಹೇಳಿ ಕಳಿಸಿದರು. ತನ್ನ ಮೀಟರಿನ ಬಿಲ್ಲು ತಾನೇ ಕಟ್ಟುವ ಹೆಂಗಸು ಅವಳು. ಕೇಳುವವರು ಯಾರು?

ಕೆಲವು ದಿನ ಕಳೆದ ಮೇಲೆ ಸರ್‌ಗೆ ಒಂದು ಹುಚ್ಚು ಆಸೆ ಹುಟ್ಟಿತು. ಜನ್ಮದಲ್ಲಿ ಅವರು ಐವತ್ತೇಳು ಆಂಪಿಯರನ್ನು ಕಣ್ಣಾರೆ ಕಂಡಿರಲಿಲ್ಲವಂತೆ. ಹಳೆಯ ಶಿಷ್ಯನೊಬ್ಬನಿಂದ ತಂತಿಯನ್ನು ಇಕ್ಕಳದಂತೆ ಕಚ್ಚಿ ಹಿಡಿದು ಹರಿಯುವ ಕರೆಂಟನ್ನು ತೋರಿಸುವ ಕ್ಲಾಂಪ್ ಮೀಟರನ್ನು ಎರವಲು ತಂದರು. ಹಾಳಾದ ಹಿಟ್ಟನ್ನು ಹೊರಗೆ ಹಾಕಲು ನಾನು ನೀಲಕ್ಕನಿಗೆ ಕೈ ಜೋಡಿಸುತ್ತಿದ್ದ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತರು.

"ಒಂದ ಸಲ ಹಚ್ಚು ನೀಲವ್ವಾ. ನೋಡಿ ಹೋಗಿಬಿಡ್ತೀನಿ."

ನೀಲಕ್ಕ ಪ್ಲಗ್ಗು ಚುಚ್ಚಿದಳು. ಹತ್ತೂ ಬಲ್ಬು ಹೊತ್ತಿಕೊಂಡವು. ಸರ್ ಒಂದು ತಂತಿಗೆ ಮೀಟರ್ ಕಚ್ಚಿಸಿದರು. ನಾಲ್ಕು ಪಾಯಿಂಟ್ ಮೂರು. ಮೀಟರನ್ನು ಅಲುಗಿಸಿದರು, ತಟ್ಟಿದರು, ಮತ್ತೆ ಕಚ್ಚಿಸಿದರು. ನಾಲ್ಕು ಪಾಯಿಂಟ್ ಮೂರು. ಮೇಲೆ ಓಡಿಹೋಗಿ ತಮ್ಮ ಇಸ್ತ್ರಿ ಪೆಟ್ಟಿಗೆಗೆ ಹಚ್ಚಿ ನೋಡಿ, ಮೀಟರ್ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ಏದುಸಿರು ಬಿಡುತ್ತ ಇಳಿದು ಬಂದರು. ಆಮೇಲೆ ನೀಲಕ್ಕನ ಅಕ್ಕಿ ಚೀಲದ ಮೇಲೆ ಕುಸಿದು ಕೂತು ತುಟಿಯಲ್ಲೇ ಲೆಕ್ಕ ಮಾಡತೊಡಗಿದರು. ಗುಣಿಸಿದರು, ಸಾವಿರಕ್ಕೆ ಚೂರು ಕಡಿಮೆ ಬಂತು. ಬಲ್ಬಿನ ಮೇಲೆ ನೂರು ಎಂದು ಅಚ್ಚಾಗಿತ್ತು, ಹತ್ತು ಬಲ್ಬಿದ್ದವು, ಅಷ್ಟೇ. ಭಾಗಿಸಿದರು, ಐವತ್ಮೂರೂವರೆ ಓಮ್ ಬಂತು.

"ತಣ್ಣಗಿದ್ದಾಗ ನಾಕು. ಕಾದ ಮ್ಯಾಲೆ ಐವತ್ಮೂರು," ಎಂದರು. ನನ್ನ ಕಡೆ ತಿರುಗಿದರು. "ತಂತಿ ಕಾದಂಗ ಅದರ ರೆಸಿಸ್ಟನ್ಸ್ ಏರತೈತಿ. ಆರಿದ ಬಲ್ಬ್ ಅಳದು ಉರಿಯೂ ಬಲ್ಬಿನ ಲೆಕ್ಕಾ ಮಾಡಬಾರದು. ಸರ್ವೀಸಿನ ತುಂಬ ಇದನ್ನ ಪಾಠ ಮಾಡೀನಿ ತಂಗೀ. ಪರೀಕ್ಷಾದಾಗ ಕೇಳೀನಿ."

ನನಗೆ ಬಾಯಿ ತಡೆಯಲಿಲ್ಲ. "ಈಗ ನೀವ ಬರೆದಿದ್ರ ಎಷ್ಟು ಮಾರ್ಕ್ಸ್ ಬರ್ತಿದ್ವು ಸರ್?"

"ಸೊನ್ನಿ," ಎಂದರು.

ಇನ್ನೊಬ್ಬರಾಗಿದ್ದರೆ ಮೀಟರ್ ಮಡಚಿಟ್ಟು ಸುಮ್ಮನಾಗುತ್ತಿದ್ದರು. ಗೋಡೆಯ ಮೇಲಿನ ಲೆಕ್ಕವನ್ನು ಪ್ರಶ್ನಿಸುವ ಗಂಡಸು ಆ ಕಟ್ಟಡದಲ್ಲಿ ಇರಲಿಲ್ಲ. ಆದರೆ ಸರ್‌ಗೆ ಮುಚ್ಚಿಡುವ ಯೋಚನೆ ಬಂದೇ ಇಲ್ಲ. ಮುಂದಿನ ಭಾನುವಾರ ಎಲ್ಲರನ್ನೂ ಕರೆಸಿ, ಕಪಾಟನ್ನು ಹೊರಗೆ ತರಿಸಿ, ಲೆಕ್ಕ ತಪ್ಪಿದ್ದು ತಾವು, ನೀಲಕ್ಕನ ತಪ್ಪೇನೂ ಇಲ್ಲವೆಂದು ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದರು. "ಗಲತಿ ಮೇರಿ ಹೈ. ಮೇರಾ ಹಿಸಾಬ್ ಗಲತ್ ಥಾ. ನೀಲಮ್ಮಾ ಕಾ ಕೋಯಿ ಕಸೂರ್ ನಹೀ." ಗೋಡೆಯ ಮೇಲಿನ ಲೆಕ್ಕವನ್ನು ತಮ್ಮ ಕೈಯಿಂದಲೇ ಅಳಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ಯನಾರಾಯಣ ಗಾರು ಕಣ್ಣೊರೆಸಿಕೊಂಡು, ಬಡ ಹೆಂಗಸಿನ ಹೊಟ್ಟೆಪಾಡಿಗಾಗಿ ಸರ್ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ, ಇಂಥವರು ಎಲ್ಲಿ ಸಿಗುತ್ತಾರೆ ಎಂದರು. ಸರ್ ಗಾಬರಿಯಾಗಿ, "ಅರೆ ನಹೀ, ಸಚ್ಮುಚ್ ಗಲತಿ ಹುಯೀ," ನಿಜಕ್ಕೂ ತಪ್ಪೇ ಆಗಿದೆ ಎಂದು ಕೂಗಿದರು. ಚಪ್ಪಾಳೆ ಜೋರಾಯಿತು. ಬಲ್ಬು ಹಚ್ಚಿ ಮೀಟರ್ ಕಚ್ಚಿಸಿ ಎಲ್ಲರಿಗೂ ತೋರಿಸಿದರು. "ಸಾರ್ ಮುಂದು ಬಲ್ಬ್ ಕೂಡಾ ಭಯಪಡುತುಂದಿ," ಎಂದರು ಸೆಕ್ರೆಟರಿ. ಸರ್ ಎದುರಿಗೆ ಬಲ್ಬಿಗೂ ಹೆದರಿಕೆ, ಅದಕ್ಕೇ ಈಗ ಕಡಿಮೆ ಎಳೆಯುತ್ತಿದೆ, ಅವಳೊಬ್ಬಳೇ ಇದ್ದಾಗ ಎಷ್ಟು ಎಳೆಯುತ್ತದೋ ಯಾರು ಬಲ್ಲರು ಎಂಬುದು ಅವರ ವಾದ. ಠರಾವು ಹಾಗೇ ಉಳಿಯಿತು. ಅವತ್ತು ಸಂಜೆ ಸರ್ ನಮ್ಮ ಬಾಗಿಲಿಗೆ ಬಂದು, ಮಿಕ್ಸರಿನ ಕಡೆ ತಿರುಗಿಯೂ ನೋಡದೆ, "ತಪ್ಪು ಹೇಳಿದಾಗ ನಂಬಿದ್ರು ತಂಗೀ. ಖರೆ ಹೇಳಿದ್ರ ದೇವರನ್ನ ಮಾಡಾಕತ್ತಾರ," ಎಂದರು.

ಮರುದಿನ ಅವರು ಕಪಾಟನ್ನು ಹೊರಿಸಿಕೊಂಡು ಬಂದು ತಮ್ಮ ನಡುಮನೆಯಲ್ಲಿ, ಸೋಫಾ ಇದ್ದ ಜಾಗದಲ್ಲಿ ಇಟ್ಟರು. ತಮ್ಮ ಮನೆಯಲ್ಲಿ ತಾವು ಬಲ್ಬು ಹಚ್ಚುವುದನ್ನು ತಡೆಯುವವರು ಯಾರೆಂದು ಕೇಳಿದರು. ಯಾರೂ ತಡೆಯಲಿಲ್ಲ, ಅಪಾಯವನ್ನು ಸರ್ ತಮ್ಮ ಮನೆಯೊಳಗೇ ಕಟ್ಟಿಹಾಕಿದ್ದಾರೆಂದು ಮತ್ತಷ್ಟು ಹೊಗಳಿದರು. ಅದೇ ವಾರ ಕರೆಂಟ್ ಆಫೀಸಿನ ಲೈನ್‌ಮನ್ ಬಂದು ಮೀಟರ್ ಬೋರ್ಡು ಬಿಚ್ಚಿದಾಗ ಫ್ಯೂಸಿನ ಸ್ಕ್ರೂ ಸಡಿಲಾಗಿ ಕಪ್ಪಗೆ ಸುಟ್ಟಿರುವುದು ಸಿಕ್ಕಿತು. ಬಿಗಿ ಮಾಡಿ ಹೋದ, ಮತ್ತೆ ಫ್ಯೂಸು ಹೋಗಲಿಲ್ಲ. ಕಪಾಟು ಅದೇ ಫ್ಯೂಸಿನ ಮೇಲೆ, ಅದೇ ಹತ್ತು ಬಲ್ಬಿನಿಂದ, ಎರಡು ಮಹಡಿ ಮೇಲೆ ಉರಿಯುತ್ತಲೇ ಇತ್ತು. ಆದರೂ ನೀಲಮ್ಮನ ಮನೆಯಿಂದ ಕಪಾಟು ಹೋಯಿತು, ಪೀಡೆ ತೊಲಗಿತು ಎಂದೇ ಜನ ಆಡಿಕೊಂಡರು.

ಪಾರ್ವತಮ್ಮನವರ ನಡುಮನೆ ಕುಲುಮೆಯಾಯಿತು. "ಇಷ್ಟು ದಿನ ನನ್ನ ಒಬ್ಬಾಕಿನ್ನ ಒಣಗಿಸ್ತಿದ್ರು, ಈಗ ಸಂಡಿಗಿನೂ ಒಣಗಿಸಾಕತ್ತಾರ," ಎಂದು ಅವರು ನಮ್ಮ ಮನೆಯಲ್ಲೇ ಹಗಲು ಕಳೆಯತೊಡಗಿದರು. ಸರ್ ಬನಿಯನ್ನಿನಲ್ಲಿ ಬೆವರುತ್ತ ಕೂತು ತಟ್ಟೆ ತಿರುವಿಹಾಕುತ್ತಿದ್ದರು. ಗಣೇಶನ ಹಬ್ಬದಲ್ಲಿ ಸಂಘದವರು ಅವರ ತ್ಯಾಗಬುದ್ಧಿಗೆ ಶಾಲು ಹೊದಿಸಿದರು. ಅದನ್ನು ಅವರು ಕಪಾಟಿನ ಬಾಗಿಲ ಸಂದಿಗೆ ತುರುಕಿದರು, ಕಾವು ಹೊರಗೆ ಹೋಗದಿರಲಿ ಎಂದು.

ನೀಲಕ್ಕ ಬೆಳಿಗ್ಗೆ ಬಂದು ಹಸಿ ಸಂಡಿಗೆ ಇಡುವಳು, ಸಂಜೆ ಬಂದು ಒಣಗಿದ್ದನ್ನು ಒಯ್ಯುವಳು. ಸರ್ ಜೊತೆ ಮಾತಿಲ್ಲ. ಒಂದು ದಿನ ಅವರೇ ತಡೆಯಲಾರದೆ, "ನೀಲವ್ವಾ, ಚಲೋ ಒಣಗ್ಯಾವಲ್ಲ?" ಎಂದು ಕೇಳಿದರು.

"ಸಂಡಿಗಿ ಒಣಗ್ಯಾವ್ರಿ ಸರ," ಎಂದಳು ಅವಳು, ಡಬ್ಬಿ ಮುಚ್ಚುತ್ತ. "ನನ್ನ ಹೆಸರು ಕೆಡಿಸಿದ್ರಿ. ಅದನ್ನ ತಂದು ಇದರಾಗ ಇಡಾಕ ಬರ್ತೈತೇನು?"

ಅಲ್ಲಿಂದ ಮುಂದೆ ಸರ್ ಯಾರ ಮನೆಗೆ ಹೋದರೂ ಮಿಕ್ಸರಿಗೆ ಕೈಹಾಕುವ ಮೊದಲು, ನೀಲಮ್ಮನದು ಸಾವಿರ ವ್ಯಾಟು, ಹದಿಮೂರು ಸಾವಿರ ನನ್ನ ತಪ್ಪು ಎಂದು ಹೇಳಿ ಆಮೇಲೆ ಕೂರುತ್ತಿದ್ದರು. ಜನ ಕೈಮುಗಿದು ಚಹಾ ಕೊಡುತ್ತಿದ್ದರು. ಅವರ ಕೀರ್ತಿ ಬೆಳೆಯಿತು, ನೀಲಕ್ಕನ ಕೆಟ್ಟ ಹೆಸರು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅದನ್ನು ನೋಡಿ ನನಗೆ ಅವರ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ಕರಗಿ ಮರುಕವಾಯಿತು. ಇನ್ನರ್ಧವನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಮುಂದಿನ ಬೇಸಿಗೆಯಲ್ಲಿ, ಊಟ ಮಾಡಿ ಮಲಗಿದ ಸರ್ ಏಳಲಿಲ್ಲ. ಹೃದಯ ನಿಂತಿತ್ತು. ಸಂಘದವರು ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಸಿ, ಅವರ ಫೋಟೋಕ್ಕೆ ಸಂಪಿಗೆ ಹಾರ ಹಾಕಿ ಸಂತಾಪ ಸಭೆ ಮಾಡಿದರು. ಪಾರ್ವತಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಸತ್ಯನಾರಾಯಣ ಗಾರು ಮೈಕು ಹಿಡಿದು, ಸರ್ ಎಂಥ ಮೇಧಾವಿ, ಎಂಥ ಕರುಣಾಳು, ಕಟ್ಟಡಕ್ಕೆ ಕೇಡು ತಂದವಳನ್ನೂ ಕಾಪಾಡಲು ತಾವು ಮಾಡದ ತಪ್ಪನ್ನು ಹೊತ್ತುಕೊಂಡ ಪುಣ್ಯಾತ್ಮ ಎಂದು ಗದ್ಗದರಾದರು. ಎಲ್ಲರೂ ಹಿಂದಿನ ಸಾಲಿನಲ್ಲಿದ್ದ ನೀಲಕ್ಕನ ಕಡೆ ತಿರುಗಿ ನೋಡಿದರು.

ನೀಲಕ್ಕ ಎದ್ದು ನಿಂತಳು. ಅವಳಿಗೆ ಮಾರುಕಟ್ಟೆಗೆ ಬೇಕಾದಷ್ಟು ತೆಲುಗು, ಹಿಂದಿ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಕನ್ನಡ ಬಿಟ್ಟು ಬೇರೆ ಏನೂ ಬರುವುದಿಲ್ಲ.

"ಸರ್ ಯಾರ ತಪ್ಪೂ ಹೊತ್ತುಕೊಂಡಿಲ್ರಿ. ತಪ್ಪು ಅವರದ ಇತ್ತು. ಲೆಕ್ಕಾ ತಪ್ಪಿದ್ರು. ಮನಿಮನಿಗೆ ಬಂದು ಬಾಯಿ ಬಿಟ್ಟು ಹೇಳಿದ್ರು ನಿಮಗ. ಬದುಕಿದ್ದಾಗ ಕೇಳ್ಲಿಲ್ಲ. ಸತ್ತ ಮ್ಯಾಲರ ಆ ಮನಿಷಾನ ಮಾತು ನಂಬ್ರಿ."

ಸಭೆಯಲ್ಲಿ ಗುಜುಗುಜು ಎದ್ದಿತು. "ಏಮಂಟುಂದಿ?" ಏನು ಹೇಳುತ್ತಾಳೆ ಅವಳು ಎಂದು ಸೆಕ್ರೆಟರಿ ನನ್ನನ್ನು ಕೇಳಿದರು. ಪಾರ್ವತಮ್ಮ ತಿರುಗಿ, ಹೇಳು ಎಂಬಂತೆ ನನಗೆ ತಲೆಯಾಡಿಸಿದರು. ನಾನು ಸೆಕ್ರೆಟರಿಯ ಕೈಯಿಂದ ಮೈಕು ತೆಗೆದುಕೊಂಡು ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಒಂದು ಅಕ್ಷರವನ್ನೂ ಬಿಡದೆ ಹೇಳಿದೆ: ಸರ್ ಲೆಕ್ಕ ತಪ್ಪಿದ್ದರು.